ಹನ್ನೊಂದೂವರೆ

ಪ್ರಶ್ನೆ ನನ್ನದೇ, ಪುಸ್ತಕದ್ದಲ್ಲ.
ಮಾರಿಕುಪ್ಪಂ ಮಕ್ಕಳಿಗೆ
ಸಭಾಂಗಣದ ಕುರ್ಚಿ ಸಾಲು ಯಾಕೆ ಎಂದು
ಗಣಿಯನ್ನೇ ಇಟ್ಟೆ:
ನಲವತ್ತೈದು ಅಡಿಗೆ ಮೊದಲ ಅಂತಸ್ತು,
ಆಮೇಲೆ ನೂರಹತ್ತು ಅಡಿಗೊಂದು.
ಸಾವಿರದ ಇನ್ನೂರು ಈ ಶ್ರೇಢಿಯಲ್ಲಿದೆಯೇ?
ಕಾರಣ ಕೊಡಿ. ಅಂಕ ಮೂರು.

ಭಾನುವಾರ. ಕಿಟಕಿ ಮುಚ್ಚಿದ್ದರೂ
ಸಯನೈಡ್ ದಿಬ್ಬದ ಧೂಳು
ಉತ್ತರಪತ್ರಿಕೆಗಳ ಮೇಲೆ, ಸಣ್ಣಗೆ.
ಹೆಚ್ಚಿನವರು 45, 155, 265 ಎಂದು
ಒಂದೊಂದೇ ಮೆಟ್ಟಿಲು ಇಳಿದಿದ್ದಾರೆ.
ಒಬ್ಬ ಐದನೆಯದರಲ್ಲೇ ಕೂಡುವುದು ತಪ್ಪಿ
ಬೇರೆ ಯಾವುದೋ ಗಣಿಗೆ ಹೋಗಿದ್ದಾನೆ.

ಆರೋಕ್ಯಮೇರಿ ಇಳಿಯುವ ಗೋಜಿಗೇ ಹೋಗಿಲ್ಲ.
ಮೊದಲ ಪದ ಕಳೆದಳು: ಸಾವಿರದ ನೂರೈವತ್ತೈದು.
ನೂರಹತ್ತರಿಂದ ಭಾಗಿಸಿದಳು: ಹತ್ತೂವರೆ.
ಒಂದು ಕೂಡಿದಳು.
‘ಹನ್ನೊಂದೂವರೆನೇ ಪದ ಅಂತ ಇರೋದಿಲ್ಲ.
ಆದ್ದರಿಂದ 1200 ಇಲ್ಲ.’
ಸ್ಕೇಲಿಟ್ಟು ಎಳೆದ ಅಡಿಗೆರೆ.

ಗೆರೆಯ ಕೆಳಗೆ, ಪೆನ್ಸಿಲಿನಲ್ಲಿ:
‘ಆದರೆ ನಮ್ಮ ತಾತ ಒಂದು ಸಲ ಅಲ್ಲಿದ್ದರು ಮಿಸ್.’

ಅದೊಂದನ್ನು ತಿದ್ದದೆ ಪಕ್ಕಕ್ಕಿಟ್ಟೆ.
ಸೋಮವಾರ, ಕೊನೆಯ ಬೆಲ್ಲಾದ ಮೇಲೆ ಕೇಳಿದೆ.

ಮೇಲೆ ಮೋಟರು ಸುಟ್ಟಿತಂತೆ.
ಕೇಜಿನಲ್ಲಿ ಒಂಬತ್ತು ಜನ.
ಹನ್ನೊಂದರ ದೀಪ ಮೇಲುಳಿದಿತ್ತು,
ಹನ್ನೆರಡರದು ಇನ್ನೂ ಬಂದಿರಲಿಲ್ಲ.
ಎರಡು ತಾಸು. ಬೀಡಿ ಹಚ್ಚುವಂತಿಲ್ಲ.
ಯಾರೋ ಎಲೆಯಡಿಕೆ ಚೀಲ ಬಿಚ್ಚಿದರು;
ಎಲೆ ಎಲ್ಲರಿಗೂ ಬಂತು, ಅಡಿಕೆ ಸಾಲಲಿಲ್ಲ.
ತಾತ ಅಂತೋಣಿಸಾಮಿ
ಸರಳಿನ ಸಂದಿಯಲ್ಲಿ ಕೈ ಚಾಚಿ
ಬಂಡೆ ಮುಟ್ಟಿದರಂತೆ.
ಇಪ್ಪತ್ತಾರು ವರ್ಷ, ದಿನಕ್ಕೆರಡು ಸಲ
ಮೂಗಿನೆದುರೇ ಓಡಿಹೋಗುತ್ತಿದ್ದ ಬಂಡೆ.

‘ಒದ್ದೆಯಾಗಿ ಬೆಚ್ಚಗಿತ್ತಂತೆ ಮಿಸ್,
ಎಮ್ಮೆ ಮೂತಿ ಥರ.’
ಹೇಳಿ, ಚೀಲ ಹೆಗಲಿಗೇರಿಸಿ ಓಡಿದಳು,
ಬಸ್ಸು ಹೊರಟಿತ್ತು.

ಈಗ ಆ ಶಾಫ್ಟಿನ ತುಂಬ ನೀರು.
ಹನ್ನೊಂದು ಯಾವುದು ಹನ್ನೆರಡು ಯಾವುದು
ನೀರು ಕೇಳುವುದಿಲ್ಲ.

ಮೂರಕ್ಕೆ ಮೂರು ಕೊಟ್ಟೆ. ಉತ್ತರ ಸರಿಯಿದೆ.
ಪೆನ್ಸಿಲ್ ಸಾಲಿನ ಬಳಿ ಕೆಂಪು ಪೆನ್ನು ನಿಂತಿತು,
ಮೇಲೂ ಹೋಗದೆ ಕೆಳಗೂ ಇಳಿಯದೆ.
ಸರಿ ಹಾಕಿದರೆ ಮೇಲಿನ ಲೆಕ್ಕ ತಪ್ಪುತ್ತದೆ.
ತಪ್ಪು ಹಾಕಿದರೆ
ಒಂಬತ್ತು ಜನರ ಹಗ್ಗ ನಾನೇ ಕತ್ತರಿಸಿದ ಹಾಗೆ.
ಹಾಗೇ ಬಿಟ್ಟು ಪುಟ ತಿರುವಿದೆ.

ಮುಂದಿನ ಪತ್ರಿಕೆ ದಯಾಳನದು.
ಇಡೀ ಪುಟಕ್ಕೆ ಒಂದೇ ಪದ: ‘ಇದೆ.’
ಕಾರಣ ಕೊಟ್ಟಿಲ್ಲ.
ಸೊನ್ನೆ ಹಾಕುವ ಮುನ್ನ
ಅವನ ತಾತ ಯಾರೆಂದು
ಸ್ವಲ್ಪ ಹೊತ್ತು ಯೋಚಿಸಿದೆ.