ಕೈ ಎಚ್ಚರವಿತ್ತು

ಇಮ್ಮಿಂಗ್‌ಹ್ಯಾಮ್ ಧಕ್ಕೆಯಲ್ಲಿ
ಹೊಟ್ಟೆ ತರಚಿಕೊಂಡು ನಿಂತಿದೆ ಎಲ್ಸೆ ಮಾರಿ.
ಹೆಸರಲ್ಲಿ ಮಾರಿ, ಹಡಗು ಪಾಪದ್ದು.
ಮೊನ್ನೆ ನಸುಕಿಗೆ ಹಂಬರ್ ನದಿಯ ಬಾಯಲ್ಲಿ ಮರಳು ಹತ್ತಿ
ಭರತಕ್ಕೆ ಕಾದು
ಟಗ್ಗಿಗೆ ಕೊರಳೊಡ್ಡಿ ಬಂದದ್ದು.

ನಾನು ಗ್ರಿಮ್ಸ್‌ಬಿಯ ರಿಪೇರಿ ಅಂಗಡಿಯವಳು.
ಚೀಲದಲ್ಲಿ ಸ್ಕ್ರೂಡ್ರೈವರ್, ಮೀಟರು, ಫ್ಲಾಸ್ಕಿನಲ್ಲಿ ಚಹಾ.
ಚೀಟಿಯಲ್ಲಿ ಬರೆದಿದೆ: ಕಾವಲಿನ ಅಲಾರಂ ನೋಡಿ,
ಕೆಟ್ಟಿತ್ತೋ ಇಲ್ಲವೋ ಹೇಳಿ.
ಒಂದೇ ಮಾತಿನ ಕೆಲಸ.

ನೆತ್ತಿಯ ಮೇಲಿನ ಈ ಕೋಣೆಗೆ ಬ್ರಿಜ್ಜು ಅನ್ನುತ್ತಾರೆ,
ಯಾವ ದಡವನ್ನೂ ಯಾವ ದಡಕ್ಕೂ ಸೇರಿಸದ ಸೇತುವೆ.
ರಾಡಾರಿನ ಪಕ್ಕ, ಚಹಾ ಲೋಟದ ಕಲೆಗಳ ನಡುವೆ
ಅವರೆಕಾಳಿನಷ್ಟು ಹಸಿರು ಗುಂಡಿ.
ಹನ್ನೆರಡು ನಿಮಿಷಕ್ಕೊಮ್ಮೆ ಕೇಳುತ್ತದೆ:
ಇದ್ದೀಯಾ?
ಮೊದಲು ದೀಪ ಮಿಟುಕಿಸಿ, ಮರ್ಯಾದೆಯಿಂದ.
ಹದಿನೈದು ಸೆಕೆಂಡು ಬಿಟ್ಟು ಕೀಚಲು ದನಿಯಲ್ಲಿ.
ಇನ್ನು ಹದಿನೈದಕ್ಕೆ ಕ್ಯಾಪ್ಟನ್ನನ ದಿಂಬಿನ ಹತ್ತಿರ.
ಆಮೇಲೆ ಅಡುಗೆಯವನನ್ನೂ ಬಿಡುವುದಿಲ್ಲ,
ಕೇರಿಗೆ ಬೆಂಕಿ ಬಿದ್ದ ಹಾಗೆ ಕೂಗುತ್ತದೆ.

ಒತ್ತದೆ ಬಿಟ್ಟು ನೋಡಿದೆ. ಮಿಟುಕಿತು, ಕೀಚಿತು, ಕೂಗಿತು.
ಕೆಳಗಿನಿಂದ ಯಾರೋ ಬೈದದ್ದೂ ಕೇಳಿತು.
ಒಂದು ತಂತಿಯೂ ಕೆಟ್ಟಿಲ್ಲ.

ದಾಖಲೆ ತೆರೆದೆ.
ಎರಡು ಹನ್ನೊಂದು. ಎರಡು ಇಪ್ಪತ್ತಮೂರು. ಎರಡು ಮೂವತ್ತೈದು.
ಪ್ರತಿ ಸಲವೂ ದೀಪ ಮಿಟುಕಿದ್ದೇ ಒತ್ತಿದ್ದಾನೆ,
ಕೀಚುವವರೆಗೆ ಒಮ್ಮೆಯೂ ಬಿಟ್ಟಿಲ್ಲ.
ಮೂರು ನಲವತ್ತೇಳಕ್ಕೂ ಒತ್ತಿದ್ದಾನೆ.
ಮೂರು ಐವತ್ತೊಂದಕ್ಕೆ ಮರಳು.

ಬಾಗಿಲಲ್ಲಿ ನಿಂತಿದ್ದ ಗುಂಟಿಸ್,
ಲಾಟ್ವಿಯಾದವನು, ಹಡಗಿನ ಮೇಟ್.
ಆರು ಗಂಟೆ ಕಾವಲು, ಆರು ಗಂಟೆ ಬಿಡುವು,
ಬಿಡುವಿನಲ್ಲಿ ಸರಕಿನ ಲೆಕ್ಕ. ಹನ್ನೊಂದನೇ ವಾರ.
'ನಾನು ಮಲಗಿದ್ದೆ,' ಅಂದ,
ಬೇರೆ ಯಾರದೋ ಸುದ್ದಿ ಹೇಳುವ ಹಾಗೆ.
'ಕೈ ಎಚ್ಚರವಿತ್ತು.'

ಅಪ್ಪ ಮಾಜಾಳಿಯ ಕಡಲಲ್ಲಿ
ಗಾಳದ ದಾರ ಕಾಲಿನ ಹೆಬ್ಬೆರಳಿಗೆ ಸುತ್ತಿ ಒರಗುತ್ತಿದ್ದ.
ಮೀನು ಎಳೆದರೆ ಬೆರಳು ಎಬ್ಬಿಸಬೇಕು, ಅದು ಕರಾರು.
ಒಂದು ರಾತ್ರಿ ಮೀನು ಎಳೆಯಿತು, ಬೆರಳು ಜಗ್ಗಿತು,
ಜಗ್ಗಾಟ ಅವರಿಬ್ಬರೊಳಗೇ ಮುಗಿಯಿತು.
ಬೆಳಿಗ್ಗೆ ದಾರ ಸಡಿಲ, ಬೆರಳಿಗೆ ಕೆಂಪು ಗೆರೆ.
ಅಪ್ಪ ಅದನ್ನು ನಗುತ್ತಾ ಹೇಳುತ್ತಿದ್ದ.
ಒಂದು ಮೀನಿನ ಮಾತಲ್ಲವೇ.

ಗುಂಟಿಸ್ ಕುರ್ಚಿ ತೋರಿಸಿದ.
ಕುರ್ಚಿಯ ತೋಳಿಗೆ ಇನ್ನೊಂದು ಗುಂಡಿ,
ಒರಗಿದ ಕಡೆಯಿಂದಲೇ ಎಟಕುವಂಥದ್ದು.
ಅದರಡಿಯ ತಂತಿಯನ್ನು ಒಂದೊಂದೂವರೆ ಗೇಣಿಗೆ
ಕರಿ ಪಟ್ಟಿಯಿಂದ ಬಿಗಿದ ರೀತಿ
ನನಗೆ ಗೊತ್ತು. ನನ್ನದೇ.
ಹೋದ ಮಾರ್ಚಿನಲ್ಲಿ ಕ್ಯಾಪ್ಟನ್ ಕೇಳಿದ್ದ,
'ಪದೇ ಪದೇ ಏಳುವುದು ಕಷ್ಟ, ಹತ್ತಿರ ಹಾಕಿಕೊಡಿ.'
ನಲವತ್ತೈದು ಪೌಂಡು, ಕೂಲಿ ಬೇರೆ.
ಬಿಲ್ಲಿನ ಕೊನೆಗೆ ನನ್ನ ದುಂಡು ಸಹಿ.

ಬರೆದೆ: ಅಲಾರಂ ಸರಿಯಾಗಿದೆ.
ಪೆನ್ನು ಎತ್ತಿ, ಮತ್ತೆ ಇಟ್ಟು, ಕೆಳಗೆ ಬರೆದೆ:
ಕುರ್ಚಿಯ ಗುಂಡಿ ಹಾಕಿದವಳು ನಾನು.
ಅಂಗಡಿಯ ಯಜಮಾನಿ ಮಾರ್ಜರಿ ಏನನ್ನುತ್ತಾಳೋ, ಅನ್ನಲಿ.

ಎರಡು ಸ್ಕ್ರೂ ಬಿಚ್ಚಿದೆ, ತಂತಿ ಕತ್ತರಿಸಿದೆ.
ಅವನಿಗೂ ಸ್ವಲ್ಪ ಚಹಾ ಸುರಿದುಕೊಟ್ಟೆ.
ಕುರ್ಚಿಯಲ್ಲಿ ಕುಳಿತ. ಎರಡು ಗುಟುಕು ಕುಡಿದ.
ಧಕ್ಕೆಯ ಮೇಲೆ ಮರದ ಪುಡಿಯ ರಾಶಿ ನೆನೆಯುತ್ತಿತ್ತು.

ಉಪಕರಣ ಚೀಲಕ್ಕೆ ತುಂಬುವಾಗ
ದೀಪ ಮಿಟುಕಿತು.
ತಿರುಗಿ ನೋಡಿದರೆ ಗುಂಟಿಸನ ಕುತ್ತಿಗೆ ವಾಲಿದೆ,
ಬಾಯಿ ತೆರೆದಿದೆ,
ಬಲಗೈ ಮಾತ್ರ ನಿಧಾನಕ್ಕೆ ಮುಂದೆ ಬಂತು,
ಎರಡು ತೂತುಗಳ ನಡುವೆ ಬರಿ ರೆಕ್ಸಿನ್ನನ್ನು
ಒತ್ತಿತು.
ಒಪ್ಪಿಸಿದ ಸಮಾಧಾನದಲ್ಲಿ ಹಿಂದೆ ಹೋಯಿತು.

ಒಂಬತ್ತು, ಹತ್ತು, ಹನ್ನೊಂದು.
ಇನ್ನು ನಾಲ್ಕು ಸೆಕೆಂಡಿಗೆ ಕೀಚುತ್ತದೆ.
ಮೂರೇ ಹೆಜ್ಜೆಗೆ ದಾಟಿ
ರಾಡಾರಿನ ಪಕ್ಕದ ಗುಂಡಿ ನಾನೇ ಒತ್ತಿದೆ.
ಹಗ್ಗ ಕಟ್ಟಿದೆ, ಹಡಗು ಎಲ್ಲಿಗೂ ಹೋಗುವುದಿಲ್ಲ.
ಇನ್ನು ಹನ್ನೆರಡು ನಿಮಿಷ
ಇಲ್ಲೇ ನಿಲ್ಲುತ್ತೇನೆ.