ಟೋಕನ್ ನಂಬ್ರ ಹದಿನೇಳು

ಜೂನ್ ಒಂದಕ್ಕೆ ಬೋಟುಗಳೆಲ್ಲ ದಕ್ಕೆಯಲ್ಲಿ
ಮೈಗೆ ಮೈ ತಾಗಿಸಿ ನಿಂತವು.
ಮಲ್ಪೆಯಲ್ಲಿ ಇನ್ನು ಎರಡು ತಿಂಗಳು
ಕೆಲಸ ಇರುವುದು ಬಲೆಗೆ, ಬಣ್ಣಕ್ಕೆ,
ಮತ್ತೆ ನನಗೆ.

ಬಲೆ ಶೆಡ್ಡಿನ ಒಂದು ಮೂಲೆ ಬಿಟ್ಟುಕೊಟ್ಟಿದ್ದಾರೆ:
ಎರಡು ಬೆಂಚು, ಮಿಣಿಮಿಣಿ ಟ್ಯೂಬ್‌ಲೈಟು,
ಗೋಡೆಯ ಮೇಲೆ ಯಾರದೋ ಡೀಸೆಲ್ ಲೆಕ್ಕ.
ಹತ್ತನೆಯದು ಮುಗಿಸಿದವರು, ಅವರ ಬಾಲ ಹಿಡಿದು ಬಂದ ಒಂಬತ್ತರವರು,
ಇಂಗ್ಲಿಷಿಗೆ ಎರಡನೇ ಸಲ ಕೂತು ಫಲಿತಾಂಶ ಕಾಯುವ ಒಬ್ಬ.

ಟೀಚರ್ ಎನ್ನುತ್ತಾರೆ. ನಾನು ಟೀಚರ್ ಅಲ್ಲ.
ಮೂವತ್ತೊಂದು ವರ್ಷ ಬ್ಯಾಂಕಿನ ಗಾಜಿನ ಹಿಂದೆ ಕೂತವಳು.
ಮಾತು ಕಲಿಸಲು ಬಾರದು, ಸರದಿ ಕಲಿಸಲು ಬರುತ್ತದೆ.
ಗುಜರಿಯಲ್ಲಿ ಕೊಂಡ ಹಿತ್ತಾಳೆ ಟೋಕನು ಹಂಚುತ್ತೇನೆ.
ನಂಬ್ರ ಕರೆದಾಗ ಎದ್ದು ಬರಬೇಕು,
ಮುಖ ನೋಡಬೇಕು, ಹೆಸರು ಹೇಳಬೇಕು,
ಯಾವ ಕಾಲೇಜು, ಯಾವ ವಿಷಯ, ಯಾಕೆ.

ಸಫ್ವಾನ್ ಒಂದೇ ಉಸಿರಿಗೆ ಹೇಳಿ ಮುಗಿಸಿದ,
ಬಸ್ಸಿನ ಕಂಡಕ್ಟರನ ಹಾಗೆ:
ಸಂತೆಕಟ್ಟೆ, ಬ್ರಹ್ಮಾವರ, ಕಾಮರ್ಸು.
ಜೊವಿಟಾ ನಗಲು ಶುರುಮಾಡಿದಳು, ನಿಲ್ಲಿಸಲು ಆಗಲಿಲ್ಲ.
ಹದಿನೇಳು, ಎಂದೆ.
ಹದಿನೇಳು ಏಳಲಿಲ್ಲ.
ಯಮನೂರಪ್ಪ, ಕೊಪ್ಪಳದ ಕಡೆಯವ, ಅಪ್ಪ ಐಸ್ ಪ್ಲಾಂಟಿನಲ್ಲಿ.
ಟೋಕನಿನ ತೂತಿಗೆ ಒಂದು ಕಣ್ಣಿಟ್ಟು
ನನ್ನನ್ನೇ ನೋಡುತ್ತ ಕೂತಿದ್ದ.

ಅರ್ಜಿ ತುಂಬುವ ದಿನ.
ಚೌಕಕ್ಕೆ ಒಂದೇ ಅಕ್ಷರ. ಕಪ್ಪು ಶಾಯಿ. ಗೆರೆ ದಾಟಬಾರದು.
ತಾಯಿಯ ಉದ್ಯೋಗ ಎಂಬಲ್ಲಿ
ತೃಷಾ ಮೆಂಡನಳ ಪೆನ್ನು ನಿಂತಿತು.
"ಎಂಥ ಬರೆಯೂದು ಟೀಚರ್?"
ಕತ್ತಲಾಗುತ್ತಿತ್ತು. ಹನ್ನೊಂದು ಅರ್ಜಿ ಬಾಕಿ.
"ಗೃಹಿಣಿ ಅಂತ ಹಾಕು."
ಹಾಕಿದಳು. ಚಂದಕ್ಕೆ, ಗೆರೆ ದಾಟದೆ.

ಮರುದಿನ ವಾರಿಜ ಮೆಂಡನ್ ಬಂದರು.
ಬುಟ್ಟಿ ಹೊರಗಿಟ್ಟು, ಕೈ ತೊಳೆದು, ಸೆರಗಿಗೊರೆಸಿ,
ಆದರೂ ಕಾಗದ ಮುಟ್ಟದೆ ದೂರದಿಂದ ತೋರಿಸಿದರು:
"ಇಲ್ಲಿ ಎಂಥ ಉಂಟು, ಓದಿ."
ಓದಿದೆ.
"ಅಂದ್ರೆ?"
"ಮನೆಯಲ್ಲಿ ಇರುವವರು."
"ಯಾವ ಹೊತ್ತಿಗೆ?"

ಅಷ್ಟು ವರ್ಷದಲ್ಲಿ ನೋಟು ಎಣಿಸಿ ನಾನು ತಪ್ಪಿದ್ದು ಎರಡೇ ಸಲ.
ಎರಡು ಸಲವೂ ಸಂಬಳದಿಂದ ಕಟ್ಟಿದ್ದೆ.
ಇದನ್ನು ಎಲ್ಲಿಂದ ಕಟ್ಟಲಿ?

ಹೊಸ ಅರ್ಜಿ ತೆಗೆದೆವು.
ಮೀ, ನು, ವ್ಯಾ, ಪಾ, ರ. ಐದು ಚೌಕ.
"ಅಷ್ಟು ಜಾಗ ಖಾಲಿ ಉಂಟಲ್ಲ,
ಇಪ್ಪತ್ತೆರಡು ವರ್ಷದಿಂದ ಅಂತಲೂ ಹಾಕು ಮಗಾ."
ಹಿಡಿಸಲಿಲ್ಲ. ಅಕ್ಷರ ಅಂಚಿಗೆ ಹತ್ತಿತು.
ಹತ್ತಲಿ, ಎಂದೆ.

ಅವರು ಹೊರಡಲಿಲ್ಲ.
"ಮುಖ ನೋಡಿ ಮಾತಾಡಲಿಕ್ಕೂ ಕ್ಲಾಸಾ?" ಎಂದು
ನನ್ನ ಕುರ್ಚಿಯಲ್ಲೇ ಕೂತರು.
"ಹದಿನೇಳು!"
ಮಾರ್ಕೆಟಿನ ಆಚೆ ಕೊನೆಗೆ ಕೇಳುವ ಸ್ವರ.
ಹದಿನೇಳು ಎದ್ದಿತು.
"ನಿನ್ನ ಹತ್ರ ಎಂಥ ಉಂಟು?"
"ಗಣಿತದಾಗ ಎಂಬತ್ತೊಂದು ಐತ್ರಿ."
"ಎಂಬತ್ತೊಂದಾ? ಆಚೆ ಬುಟ್ಟಿಯಲ್ಲಿ ತೊಂಬತ್ತೈದು ಸಿಗ್ತದೆ ಮಾರಾಯ!"
ಅವನು ನೆಲ ನೋಡಿದ, ಬಾಗಿಲು ನೋಡಿದ,
ಆಮೇಲೆ ಅವರ ಮುಖ.
"ಅದು ಟ್ಯೂಷನ್ನಿನ ಐಸಿನಾಗ ಇಟ್ಟ ಮೀನ್ರೀ ಅಮ್ಮಾ.
ಇದು ಇವತ್ತಿಂದು.
ನಸುಕಿನ ನಾಕಕ್ಕ ಐಸ್ ಹೊತ್ತು
ಉಳಿದ ಹೊತ್ತಿನ್ಯಾಗ ನಾನ ಹಿಡದದ್ದು."

ಬಲೆ ಹೆಣೆಯುವವರ ಕೈ ನಿಂತವು.
ವಾರಿಜಕ್ಕ ಕಿವಿರು ಎತ್ತಿ ನೋಡುವವರ ಹಾಗೆ
ಅವನನ್ನೊಮ್ಮೆ ನೋಡಿ,
"ಕ್ರಯ ಇಳಿಸಬೇಡ," ಎಂದರು. "ಯಾರು ಕೇಳಿದರೂ."

ರಾತ್ರಿ ಪೆಟ್ಟಿಗೆ ಎಣಿಸಿದೆ. ಟೋಕನು ಒಂದು ಕಮ್ಮಿ.

ಸಂದರ್ಶನ ಮಂಗಳವಾರ, ಉಡುಪಿಯಲ್ಲಿ, ಹತ್ತೂವರೆಗೆ.
ಸೀಟು ಕೊಡುತ್ತಾರೋ ಇಲ್ಲವೋ.
ಕಪ್ಪು ಶೂ ಬೇಕಂತೆ.
ಸಫ್ವಾನನದು ಎರಡು ನಂಬ್ರ ದೊಡ್ಡದು;
ತುದಿಗೆ ಪೇಪರು ತುರುಕಿ
ಶೆಡ್ಡಿನ ಉದ್ದಕ್ಕೂ, ಬಲೆ ತುಳಿಯದ ಹಾಗೆ,
ನಡೆದು ನೋಡುತ್ತಿದ್ದಾನೆ.