ವಾಸನೆಯಿಲ್ಲದ ಅಂಗಿ

ಮಾಗ್ದೆಬುರ್ಗ್. ಅಕ್ಟೋಬರ್. ಹಳಿ ಮುಗಿದು
ಟ್ರಾಮು ತಿರುಗಿಕೊಳ್ಳುವ ಜಾಗದಲ್ಲಿ
ಓರ್ಟ್‌ವಿನ್‌ಗೆ ಆರು ನಿಮಿಷ ಬಿಡುವು.
ಮಿಕ್ಕ ಚಾಲಕರು ಸಿಗರೇಟು ಹಚ್ಚುತ್ತಾರೆ. ಇವನು ಬಗ್ಗಿ
ಕಾಯಿ ಆಯುತ್ತಾನೆ, ಸಮವಸ್ತ್ರದ ಜೇಬು ಉಬ್ಬುವಷ್ಟು.

ಕುದುರೆ ಕಸ್ತಾನಿಯೆ. ತಿನ್ನಲಿಕ್ಕೆ ಬಾರದ್ದು.
ಈಗಷ್ಟೇ ಎಣ್ಣೆ ಸವರಿ ಒರೆಸಿಟ್ಟ ಹಾಗೆ ಮಿರಿಮಿರಿ ಕಂದು,
ನಮ್ಮ ಅಂಟುವಾಳಕ್ಕೆ ದೂರದ ದಾಯಾದಿ.
ಆ ನೆಂಟಸ್ತಿಕೆ ಅವನಿಗೇನು ಗೊತ್ತು?
ಅವನಿಗೆ ಗೊತ್ತಿರುವುದು
ಮೆರ್ಲೆಯ ಮೊಣಕೈ ಮಡಿಕೆಯಲ್ಲಿ
ರಾತ್ರಿಯಿಡೀ ಕೆರೆದು ಎದ್ದ ಕೆಂಪು ನಕ್ಷೆ,
ಮತ್ತೆ, ಚರ್ಮದ ಡಾಕ್ಟರು ಸೋಪುಪುಡಿಯ ಡಬ್ಬಿ ತಿರುವಿ
ಸಣ್ಣಕ್ಷರ ಓದಿ, ಕನ್ನಡಕ ತೆಗೆದು
ಸುಮ್ಮನೆ ಕೂತದ್ದು.

ಮೊದಲ ಸಲ ಸಿಪ್ಪೆ ಸಮೇತ ಜಜ್ಜಿಬಿಟ್ಟ.
ಬಿಳಿ ಬನಿಯನ್ನೆಲ್ಲ ಚಹಾದಲ್ಲಿ ಅದ್ದಿದಂತೆ ಬಂದವು.
ಕೆಳಮನೆಯ ಗ್ರೂನೆರ್ಟ್ ಮುದುಕಿ ಹಗ್ಗ ನೋಡಿ
"ಸಿಪ್ಪೆ ಸುಲಿಯೋ ಮಾರಾಯ,
ನಮ್ಮಮ್ಮ ಸುಲೀತಿದ್ಲು" ಎಂದವಳೇ
ಕಿಟಕಿ ಹಾಕಿಕೊಂಡಳು.

ಈಗ ಸುಲಿಯುತ್ತಾನೆ. ಚಾಕು ಜಾರಿ ಎರಡು ಬೆರಳಿಗೆ ಪಟ್ಟಿ.
ಹಳೆ ದಿಂಬಿನ ಚೀಲಕ್ಕೆ ತುಂಬಿ, ಬಾಲ್ಕನಿಯ ಸಿಮೆಂಟಿನ ಮೇಲೆ
ಸುತ್ತಿಗೆಯಲ್ಲಿ ಧಡ್ ಧಡ್.
ಭಾನುವಾರ ಸದ್ದು ಮಾಡುವಂತಿಲ್ಲ ಆ ಊರಲ್ಲಿ,
ಶನಿವಾರವೇ ಮುಗಿಸಬೇಕು.
ಎಂಟು ಕಾಯಿಗೆ ಒಂದು ಜಾಡಿ ಬಿಸಿನೀರು.
ಬೆಳಗ್ಗೆ ನೋಡಿದರೆ ನೀರು ಹಾಲಾಗಿದೆ!
ಮುಚ್ಚಳ ಬಿಗಿದು ಕುಲುಕಿದರೆ ಬೆರಳೆತ್ತರ ನೊರೆ.
ಮೂವತ್ತೊಂಬತ್ತರ ಗಂಡಸು
ಅಡುಗೆಮನೆಯಲ್ಲಿ ಒಬ್ಬನೇ ನಗುತ್ತಾನೆ.

ಮೆರ್ಲೆ ಒಂದು ವಾರ ಇಲ್ಲಿ,
ಒಂದು ವಾರ ಎಲ್ಬೆ ನದಿಯಾಚೆ, ಅಮ್ಮನಲ್ಲಿ.
ಅಲ್ಲಿಂದ ಬಂದ ದಿನ ಚೀಲದ ಜಿಪ್ ಎಳೆದರೆ
ಕೋಣೆ ತುಂಬ ಲೈಲಾಕ್ ಹೂವಿನ ಕಂಪು,
ಬಾಟಲಿಯಲ್ಲಿ ಸಿಗುವ, ಯಾವ ಗಿಡದ್ದೂ ಅಲ್ಲದ ಲೈಲಾಕ್.
ಹನ್ನೊಂದು ವರ್ಷ ಇವನೂ ಅದನ್ನೇ ತೊಟ್ಟಿದ್ದ.

ಹಾಲುನೀರಲ್ಲಿ ಒಗೆದ ರಾತ್ರಿಯಂಗಿಗೆ ಮೂಗೊತ್ತಿ
ಉದ್ದಕ್ಕೆ ಉಸಿರೆಳೆದಳು ಹುಡುಗಿ.
"ಏನೂ ಇಲ್ಲ ಇದರಲ್ಲಿ."
"ಇಲ್ಲ."
"ಹಾಗಾದ್ರೆ ಇದು ಯಾರ ಮನೇದು?"

ಅವನು ಬಾಯಿ ತೆರೆಯುವಷ್ಟರಲ್ಲಿ
ತೋಳು ತೂರಿಸಿ, ಗುಂಡಿ ತಪ್ಪಾಗಿ ಹಾಕಿಕೊಂಡು, ಮಲಗಿಯೇಬಿಟ್ಟಳು.

ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತ.
ಹನ್ನೊಂದಕ್ಕೆ ಒಮ್ಮೆ, ಪರ ಪರ, ಉಗುರು.
ಆಮೇಲೆ ಎಷ್ಟು ಹೊತ್ತಾದರೂ ಬರೀ ಉಸಿರು.
ಹೊರಗೆ ಕೊನೆಯ ಟ್ರಾಮು, ಬೇರೆ ಯಾರದ್ದೋ ಪಾಳಿ.

ಬೆಳಗ್ಗೆ ಹಾಸಿಗೆ ಕೊಡವುವಾಗ
ದಿಂಬಿನಡಿ ಸಿಕ್ಕಿತು, ಸುರುಳಿ ಸುತ್ತಿದ
ಒಂದೇ ಒಂದು ಕಾಲುಚೀಲ. ಲೈಲಾಕ್.
ಒಗೆಯುವ ಬುಟ್ಟಿ ಪಕ್ಕದಲ್ಲೇ ಇತ್ತು.

ಒಂದು ಗಳಿಗೆ ಕೈಯಲ್ಲಿ ಹಿಡಿದು ನಿಂತ.
ಮತ್ತೆ ಅದೇ ಸುರುಳಿಯಾಗಿ, ಅದೇ ಜಾಗದಲ್ಲಿಟ್ಟು
ದಿಂಬು ಮುಚ್ಚಿ,
ಜೊತೆ ತಪ್ಪಿದ ಇನ್ನೊಂದನ್ನು
ನೊರೆಗೆ ಹಾಕಿದ.